ದೇವರು ಬದಲಾದರೆ ಕೇರಿ ಬದಲಾಗುತ್ತಾ?

ನಾನು ಕ್ರೈಸ್ತ. 2025ರ ಸೆಪ್ಟೆಂಬರ್‌ನಲ್ಲಿ ಜಾತಿ ಸಮೀಕ್ಷೆಯ ಪಟ್ಟಿಯಲ್ಲಿ ‘ಮಾದಿಗ ಕ್ರಿಶ್ಚಿಯನ್’ನಂಥ ಹೆಸರುಗಳು ಕಂಡಾಗ ಟಿವಿ ಚರ್ಚೆಗಳು ಮತಾಂತರದ ಸುತ್ತಲೇ ತಿರುಗಿದವು. ಕಾನೂನು ಏನು ಹೇಳುತ್ತೆ ಅಂತ ವಿವರಿಸಿದ್ದು ಕಡಿಮೆ.

ನಮ್ಮ ರಾಯಚೂರು ಜಿಲ್ಲೆಯನ್ನೇ ನೋಡಿ. ರಾಯಚೂರು ನಗರ ಸಾಮಾನ್ಯ ಕ್ಷೇತ್ರ, ಯಾವ ಧರ್ಮದವರೂ ನಿಲ್ಲಬಹುದು. ದೇವದುರ್ಗ, ಮಾನ್ವಿ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರಗಳು. ಪಂಗಡದ ಪಟ್ಟಿಗೆ ಧರ್ಮದ ಷರತ್ತಿಲ್ಲ. ಹಾಗಾಗಿ ನಾಯಕ ಸಮುದಾಯದವರು ಚರ್ಚಿಗೆ ಹೋದ ಮಾತ್ರಕ್ಕೆ ಸ್ಪರ್ಧಿಸುವ ಹಕ್ಕು ಹೋಗಲ್ಲ. ಆದರೆ ಅದೇ ಜಿಲ್ಲೆಯ ಲಿಂಗಸುಗೂರು ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲಿ ಮಾದಿಗ ಕ್ರೈಸ್ತರು ನಿಲ್ಲುವಂತಿಲ್ಲ. ಕಾರಣ, 1950ರ ರಾಷ್ಟ್ರಪತಿ ಆದೇಶ. ಅದರ ಪ್ರಕಾರ ಪರಿಶಿಷ್ಟ ಜಾತಿ ಸ್ಥಾನಮಾನ ಇರುವುದು ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಬೌದ್ಧರು ಸೇರಿದ್ದೂ 1990ರಲ್ಲಿ.

ಕ್ರೈಸ್ತರಾದ ದಲಿತರಿಗೆ ರಾಜ್ಯದಲ್ಲಿ ಪ್ರವರ್ಗ-1ರ ಶೇ. 4 ಮೀಸಲಾತಿಯಲ್ಲಿ ಪಾಲಿದೆ. ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಮಾತ್ರ ಇಲ್ಲ. ಹೋಟೆಲಿನಲ್ಲಿ ಬೇರೆ ಲೋಟ ಕೊಡುವವನು ‘ನಿನ್ನ ದೇವರು ಯಾರು’ ಅಂತ ಕೇಳಿ ಕೊಡ್ತಾನಾ?

ಜಾತಿ ನಮ್ಮ ಚರ್ಚುಗಳಲ್ಲೂ ಇದೆ, ಅದನ್ನು ನಾವು ಮೊದಲು ಒಪ್ಪಿಕೊಳ್ಳಬೇಕು. ಆಮೇಲೆ ವೋಟು ಕೇಳಲು ಬಂದವರಿಗೆ ಒಂದೇ ಪ್ರಶ್ನೆ: 1950ರ ಆದೇಶದ ಬಗ್ಗೆ ನಿಮ್ಮ ನಿಲುವೇನು?