ಆರ್‌ಸಿ ಹೆಲಿಕಾಪ್ಟರ್: ಸೈಕ್ಲಿಕ್ ಪಿಚ್ ಅಳೆದು ಹೊಂದಿಸಿ, ಆಮೇಲೆ ಹಾರಿಸಿ

ಗಲ್ಫ್‌ನಲ್ಲಿರುವ ಅಣ್ಣನೋ ಮಾಮನೋ ಊರಿಗೆ ಬರುವಾಗ ತರುವ ಸಾಮಾನಿನಲ್ಲಿ ಕೆಲವೊಮ್ಮೆ ರಿಮೋಟ್ ಹೆಲಿಕಾಪ್ಟರ್ ಕೂಡ ಇರುತ್ತದೆ. ಅಂಗೈಯಷ್ಟಿನ ಆಟಿಕೆಯಾದರೆ ಚಿಂತೆಯಿಲ್ಲ. 450 ಸೈಜಿನ ಮಾಡೆಲ್ ಆದ್ರೆ ವಿಷಯ ಬೇರೆ. ಅದರ ಒಂದೊಂದು ಬ್ಲೇಡ್ ಸುಮಾರು 325 ಮಿ.ಮೀ. ಉದ್ದ. ನಿಮಿಷಕ್ಕೆ 2,500 ಸುತ್ತು ತಿರುಗುವಾಗ ಬ್ಲೇಡ್ ತುದಿಯ ವೇಗ ಗಂಟೆಗೆ 300 ಕಿ.ಮೀ. ದಾಟುತ್ತದೆ. 2013ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ 19 ವರ್ಷದ ಯುವಕನೊಬ್ಬ ತಾನೇ ಹಾರಿಸುತ್ತಿದ್ದ ಮಾಡೆಲ್ ಬಡಿದು ಮೃತಪಟ್ಟಿದ್ದ. ಅದು 450ಕ್ಕಿಂತ ದೊಡ್ಡ ಮಾಡೆಲ್. ಆದರೂ ಪಾಠ ಒಂದೇ: ಇದು ಆಟಿಕೆಯಲ್ಲ.

ಸೈಕ್ಲಿಕ್ ಪಿಚ್ ಅಂದ್ರೆ ಏನು?

ಬ್ಲೇಡ್ ಎಷ್ಟು ಓರೆಯಾಗಿದೆ ಎಂಬುದೇ ಪಿಚ್. ಎರಡೂ ಬ್ಲೇಡ್‌ಗಳ ಪಿಚ್ ಒಟ್ಟಿಗೆ ಹೆಚ್ಚು ಕಡಿಮೆಯಾದರೆ ಅದು ಕಲೆಕ್ಟಿವ್. ಹೆಲಿಕಾಪ್ಟರ್ ಏರುತ್ತದೆ, ಇಳಿಯುತ್ತದೆ. ಸೈಕ್ಲಿಕ್‌ನಲ್ಲಿ ಪ್ರತಿ ಸುತ್ತಿನಲ್ಲೂ ಬ್ಲೇಡ್ ಒಂದು ಬದಿಯಲ್ಲಿ ಹೆಚ್ಚು, ಎದುರು ಬದಿಯಲ್ಲಿ ಕಡಿಮೆ ಓರೆಯಾಗುತ್ತದೆ. ಇದರಿಂದ ಹೆಲಿಕಾಪ್ಟರ್ ಮುಂದೆ, ಹಿಂದೆ, ಎಡ, ಬಲಕ್ಕೆ ವಾಲುತ್ತದೆ. ಎರಡನ್ನೂ ಮಾಡುವುದು ಮೂರು ಸರ್ವೋಗಳು ಹಿಡಿದಿರುವ ಸ್ವಾಶ್‌ಪ್ಲೇಟ್.

ಮೊದಲ ಕೆಲಸ

ಮೋಟಾರಿನ ಮೂರು ವಯರ್‌ಗಳಲ್ಲಿ ಎರಡನ್ನಾದರೂ ಕಳಚಿ. ಇದನ್ನು ಬಿಟ್ಟು ಮುಂದಕ್ಕೆ ಹೋಗಲೇಬೇಡಿ.

ಸರ್ವೋಗಳು ಸೆಂಟರ್‌ನಲ್ಲಿದ್ದಾಗ ಅವುಗಳ ಆರ್ಮ್‌ಗಳು ಲಿಂಕ್‌ಗೆ 90 ಡಿಗ್ರಿಯಲ್ಲಿರಬೇಕು. ಕಲೆಕ್ಟಿವ್ ಸ್ಟಿಕ್ ನಡುವಿನಲ್ಲಿದ್ದಾಗ ಸ್ವಾಶ್‌ಪ್ಲೇಟ್ ಸಮತಟ್ಟಾಗಿ, ಬ್ಲೇಡ್ ಪಿಚ್ 0 ಡಿಗ್ರಿ ಇರಬೇಕು. ಇದು ಸರಿಯಿಲ್ಲದಿದ್ದರೆ ಮುಂದಿನ ಅಳತೆಯೆಲ್ಲ ದಂಡ. ಲಿಂಕ್ ತಿರುಗಿಸಿ ಸರಿಮಾಡಿ. ಸಬ್-ಟ್ರಿಮ್ ಸಣ್ಣ ವ್ಯತ್ಯಾಸಕ್ಕೆ ಮಾತ್ರ ಸಾಕು.

ಅಳೆಯುವುದು ಹೇಗೆ?

ಫ್ಲೈಬಾರ್‌ಲೆಸ್ ಯೂನಿಟ್ ಇದ್ದರೆ ಅದರ ಸೆಟಪ್ ಮೆನುವಿನಲ್ಲೇ ಅಳೆಯಿರಿ. ಹೊರಗೆ ಅಳೆದರೆ ಗೈರೋ ತಾನಾಗಿ ಸ್ವಾಶ್ ಅನ್ನು ಓಡಿಸಿ ಲೆಕ್ಕ ತಪ್ಪಿಸುತ್ತದೆ.

1. ಕಲೆಕ್ಟಿವ್ 0 ಡಿಗ್ರಿಯಲ್ಲಿರಲಿ. ಬ್ಲೇಡನ್ನು ಬಾಲದ ಕೊಳವೆಗೆ ನೇರವಾಗಿಟ್ಟು ಪಿಚ್ ಗೇಜ್ ಸಿಕ್ಕಿಸಿ.
2. ಏಲರಾನ್ ಅನ್ನು ಪೂರ್ತಿ ಬಲಕ್ಕೆ ಕೊಡಿ, ಓದಿ. ನಂತರ ಪೂರ್ತಿ ಎಡಕ್ಕೆ. ಎರಡೂ ಸಮ ಬರಬೇಕು, ಒಂದು ಪ್ಲಸ್, ಇನ್ನೊಂದು ಮೈನಸ್.
3. ಬ್ಲೇಡನ್ನು ಬಾಲಕ್ಕೆ ಅಡ್ಡ ತಿರುಗಿಸಿ ಎಲಿವೇಟರನ್ನು ಹೀಗೆಯೇ ಅಳೆಯಿರಿ.

ಎಡ-ಬಲಕ್ಕೆ ವಾಲಿಸಲು ಬ್ಲೇಡನ್ನು ಬಾಲದ ಮೇಲೆ ಅಳೆಯುವುದೇಕೆ? ತಿರುಗುವ ರೋಟರ್‌ನಲ್ಲಿ ಪಿಚ್ ಬದಲಿಸಿದ ಪರಿಣಾಮ ಸುಮಾರು 90 ಡಿಗ್ರಿ ಮುಂದೆ ಹೋಗಿ ಕಾಣಿಸುತ್ತದೆ, ಅದಕ್ಕೆ.

ಹೆಚ್ಚಿನ ಯೂನಿಟ್‌ಗಳು ಕೇಳುವುದು 6ರಿಂದ 8 ಡಿಗ್ರಿ. ನಿಮ್ಮ ಮ್ಯಾನ್ಯುವಲ್ ಹೇಳಿದ್ದನ್ನೇ ಇಡಿ. "ಜಾಸ್ತಿ ಇಟ್ರೆ ಜೋರಾಗಿ ಪಲ್ಟಿ ಹೊಡೆಯುತ್ತೆ" ಅನ್ನುವವರ ಮಾತು ಕೇಳ್ಬೇಡಿ. ಈ ಅಂಕಿ ಯೂನಿಟ್‌ಗೆ ಅಳತೆಗೋಲು ಇದ್ದಂತೆ. ತಕ್ಕಡಿಯ ಕಲ್ಲೇ ತಪ್ಪಾದರೆ ತೂಕ ಸರಿ ಬರುವುದುಂಟೇ? ತಿರುಗುವ ವೇಗ ಹೆಚ್ಚು ಬೇಕಿದ್ದರೆ ಅದಕ್ಕೆ ಬೇರೆಯೇ ಸೆಟ್ಟಿಂಗ್ ಇದೆ.

ಡಿಗ್ರಿ ಸಾಲದಿದ್ದರೆ ಸರ್ವೋ ಆರ್ಮ್‌ನ ಬಾಲನ್ನು ಒಂದು ತೂತು ಹೊರಗೆ ಹಾಕಿ. ಬೇಗನೆ ಮುಗಿಯುತ್ತಿದ್ದರೆ ಒಂದು ತೂತು ಒಳಗೆ.

ಕೊನೆಯ ತಪಾಸಣೆ

ಕಲೆಕ್ಟಿವ್ ಪೂರ್ತಿ ಮೇಲಿಟ್ಟು ಸೈಕ್ಲಿಕ್ ಸ್ಟಿಕ್ಕನ್ನು ಸುತ್ತಲೂ ತಿರುಗಿಸಿ. ಆಮೇಲೆ ಪೂರ್ತಿ ಕೆಳಗಿಟ್ಟು ಅದನ್ನೇ ಮಾಡಿ. ಎಲ್ಲೂ ತಾಗಬಾರದು, ಸರ್ವೋ ಗುಂಯ್ ಅನ್ನಬಾರದು. ತಾಗಿದರೆ ಗಾಳಿಯಲ್ಲೇ ಗಿಯರ್ ಹಲ್ಲು ಮುರಿಯಬಹುದು. ಮತ್ತೆ ಕಂಟ್ರೋಲ್ ನಿಮ್ಮ ಕೈಯಲ್ಲಿಲ್ಲ. ಸ್ಟಿಕ್ ಬಲಕ್ಕೆ ಕೊಟ್ಟಾಗ ಸ್ವಾಶ್ ಬಲಕ್ಕೇ, ಮುಂದೆ ಕೊಟ್ಟಾಗ ಮುಂದಕ್ಕೇ ವಾಲುತ್ತದಾ ನೋಡಿ. ಮೆನುವಿನಿಂದ ಹೊರಬಂದು ಮಾಡೆಲನ್ನು ಕೈಯಲ್ಲಿ ಎಡಕ್ಕೆ ವಾಲಿಸಿದರೆ ಸ್ವಾಶ್ ಬಲಕ್ಕೆ ತಿರುಗಿ ಸರಿಪಡಿಸಬೇಕು. ಉಲ್ಟಾ ಇದ್ದರೆ ಏಳುವ ಮೊದಲೇ ಮಗುಚಿ ಬೀಳುತ್ತದೆ.

ಪಿಚ್ ಗೇಜ್‌ಗೆ ದೊಡ್ಡ ಬೆಲೆಯಿಲ್ಲ. ಒಂದು ಕ್ರ್ಯಾಶ್‌ನಲ್ಲಿ ಹೋಗುವ ಬ್ಲೇಡ್, ಶಾಫ್ಟ್, ಸರ್ವೋಗಳ ಖರ್ಚಿನ ಮುಂದೆ ಅದು ಏನೂ ಅಲ್ಲ. ವಯರ್ ಮತ್ತೆ ಜೋಡಿಸಿ, ಮನೆಯಂಗಳ ಬಿಟ್ಟು ಖಾಲಿ ಮೈದಾನಕ್ಕೆ ಹೋಗಿ. ಮಕ್ಕಳನ್ನು ದೂರ ನಿಲ್ಲಿಸಿ, ನೀವೂ ಹತ್ತು ಮೀಟರ್‌ಗಿಂತ ಹಿಂದೆ ನಿಂತೇ ಮೋಟಾರ್ ಚಾಲೂ ಮಾಡಿ.