ಸ್ತನದ ಕ್ಷ-ಕಿರಣಚಿತ್ರವೂ ಅರ್ಬುದದ ಆದ್ಯಾವಸ್ಥೆಯೂ

ಪರ್ವತದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿರುವುದೆಂದು ನಿಶ್ಚಯಿಸುವ ನ್ಯಾಯಶಾಸ್ತ್ರದ ಉದಾಹರಣೆಯು ವಿದ್ವಾಂಸರಿಗೆಲ್ಲ ಪರಿಚಿತವಾದುದು. ಸ್ತನದ ಕ್ಷ-ಕಿರಣಚಿತ್ರವನ್ನು, ಎಂದರೆ ಮ್ಯಾಮೊಗ್ರಾಮನ್ನು, ಓದುವ ವೈದ್ಯರ ಕೆಲಸವೂ ಇಂಥದೇ ಒಂದು ಅನುಮಾನವಾಗಿರುತ್ತದೆ. ಕೈಗೆ ಗಂಟು ಸಿಕ್ಕುವುದಕ್ಕೆ ಮುಂಚೆಯೇ ಈ ಚಿತ್ರವು ರೋಗದ ಸುಳಿವನ್ನು ಕೊಡಬಲ್ಲುದೆಂದೂ, ಅರ್ಬುದವನ್ನು ಇದ್ದುದು ಇದ್ದಂತೆಯೇ ತೋರಿಸುವುದೆಂದೂ ಜನರಲ್ಲಿ ಒಂದು ಭಾವನೆಯುಂಟು. ಮೊದಲನೆಯ ಮಾತು ದಿಟ, ಎರಡನೆಯದು ಹಾಗಲ್ಲ. ರೋಗದ ಆದ್ಯಾವಸ್ಥೆಯಲ್ಲಿ ಚಿತ್ರಕ್ಕೆ ಸಿಕ್ಕುವುದು ಬಹುಮಟ್ಟಿಗೆ ಅದು ಬಿಟ್ಟ ಗುರುತು ಮಾತ್ರ.

ಸ್ತನದಲ್ಲಿ ಹಾಲು ಒಸರುವ ಸಣ್ಣ ಗೊಂಚಲುಗಳೂ, ಅವುಗಳಿಂದ ಮೊಲೆತೊಟ್ಟಿನವರೆಗೆ ಬರುವ ಕ್ಷೀರನಾಳಗಳೂ ಇರುವುವು. ಗೊಂಚಲೂ ಅದರ ಕಡೆಯ ಕಿರುನಾಳವೂ ಕೂಡಿದ ಭಾಗದಲ್ಲಿಯೇ ಬಹುಪಾಲು ಅರ್ಬುದಗಳು ಹುಟ್ಟುವುವೆಂಬುದನ್ನು ಅಮೆರಿಕದ ವೆಲ್ಲಿಂಗ್ಸ್ ಎಂಬವರೂ ಅವರ ಸಂಗಡಿಗರೂ 1975ರಲ್ಲಿ ವಿವರಿಸಿದರು. ವಿಕೃತಗೊಂಡ ಜೀವಕೋಶಗಳು ನಾಳದ ಒಳಗೇ ಹೆಚ್ಚುತ್ತ, ಅದರ ಸುತ್ತಣ ಪೊರೆಯನ್ನು ದಾಟದೆ ಇರುವ ಸ್ಥಿತಿಯನ್ನು ಸ್ವಸ್ಥಾನದ ಅರ್ಬುದವೆನ್ನಬಹುದು. ಈ ಅರ್ಥವುಳ್ಳ ಲ್ಯಾಟಿನ್ ಹೆಸರನ್ನು ಬ್ರಾಡರ್ಸ್ ಎಂಬ ರೋಗಶಾಸ್ತ್ರಜ್ಞರು 1932ರಲ್ಲಿ ರೂಢಿಗೆ ತಂದರು. ಪೊರೆಯನ್ನು ಭೇದಿಸಿ ಹೊರಬಂದ ಮೇಲೆಯೇ ಅದಕ್ಕೆ ದೇಹದಲ್ಲಿ ಹರಡುವ ಸಾಮರ್ಥ್ಯ ಬರುವುದು. ಆದುದರಿಂದ ಅದಕ್ಕೆ ಮುಂಚೆ ಗುರುತು ಹಿಡಿಯುವುದೆಂದರೆ ಎಷ್ಟೋ ಮಂದಿ ಹೆಂಗಸರ ಜೀವದ ಮಾತು.

ಈ ಪೊರೆಯೊಳಗಿನ ರೋಗವು ಕಿರಣಕ್ಕೆ ಕಾಣುವುದು ಹೇಗೆ? ನಾಳದ ಒಳಗೆ ರಕ್ತನಾಳಗಳಿಲ್ಲ. ತೀವ್ರಜಾತಿಯ ಕೋಶಗಳು ನಾಳವನ್ನು ಇಡಿಕಿರಿದು ತುಂಬಿದಾಗ, ನಡುವೆ ಸಿಕ್ಕಿದವು ಹೊರಗಣ ರಕ್ತಕ್ಕೆ ದೂರವಾಗಿ, ಪ್ರಾಣವಾಯು ಸಾಲದೆ ಸಾಯುವುವು. ಆ ಸತ್ತ ಕೋಶಗಳ ಕಸದಲ್ಲಿ ಸುಣ್ಣದ ಅಂಶವು, ಸರಿಯಾಗಿ ಹೇಳುವುದಾದರೆ ಮೂಳೆಯಲ್ಲಿರುವಂಥ ಕ್ಯಾಲ್ಸಿಯಂ ಫಾಸ್ಫೇಟು, ಶೇಖರವಾಗುವುದು. ಬದುಕಿರುವ ಕೋಶಗಳ ಮೂಲಕ ಸುಲಭವಾಗಿ ಹಾಯುವ ಕಿರಣವನ್ನು ಈ ಕಣಗಳು ತಡೆಯುವುವು. ಚಿತ್ರದಲ್ಲಿ ಬಿಳಿಯ ಚುಕ್ಕೆಗಳು ಮೂಡುವುವು. ನಾಳವೇ ಅಚ್ಚು, ಸುಣ್ಣವೇ ಎರಕ ಎನ್ನುವಂತೆ ಅವು ಸಾಲಾಗಿ, ಕವಲೊಡೆದು ನಿಲ್ಲುವುವು. ಅನುಭವಿಗಳಾದ ವೈದ್ಯರು ಇಂಥ ಸಾಲನ್ನು ಕಂಡೊಡನೆ ಶಂಕೆಗೊಳ್ಳುವುದು ಈ ಕಾರಣದಿಂದಲೇ.

ಈ ವಿದ್ಯೆಗೆ ಮೊದಲು ಹಾಕಿದವರು ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್. ಅವರು ಶಸ್ತ್ರಕ್ರಿಯೆಯಲ್ಲಿ ತೆಗೆದ ಸುಮಾರು 3000 ಸ್ತನಗಳ ಕ್ಷ-ಕಿರಣಚಿತ್ರಗಳನ್ನು ಅದೇ ಅಂಗಗಳ ಛೇದಗಳೊಡನೆ ಹೋಲಿಸಿ 1913ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಯೆಹೂದ್ಯರಾದ ಅವರಿಗೆ 1933ರಲ್ಲಿ ವಿಶ್ವವಿದ್ಯಾನಿಲಯದ ಸ್ಥಾನ ತಪ್ಪಿತು. 1943ರಲ್ಲಿ ಔಷ್‌ವಿಟ್ಸಿನಲ್ಲಿ ಹತಳಾದ ಚಿತ್ರಕಲಾವಿದೆ ಷಾರ್ಲೊಟ್ಟೆ ಅವರ ಮಗಳು. ಅನಂತರ ಯುರುಗ್ವೆ ದೇಶದ ಲೆಬೊರ್ನ್ಯೆ ಅವರು ಅರ್ಬುದದಲ್ಲಿಯ ಸುಣ್ಣದ ಕಣಗಳ ಲಕ್ಷಣವನ್ನು 1951ರಲ್ಲಿ ವಿಸ್ತರಿಸಿ ಬರೆದರು. ಚಿತ್ರವನ್ನೂ ಛೇದವನ್ನೂ ಎದುರೆದುರಿಗೆ ಇಟ್ಟು ನೋಡಬೇಕೆಂಬ ಸಾಲೊಮನ್ನರ ಕ್ರಮವನ್ನು ಇಂದಿಗೂ ಯಾರೂ ಬಿಟ್ಟಿಲ್ಲ.

ಬಿಡಲು ಸಾಧ್ಯವೂ ಇಲ್ಲ. ಏತಕ್ಕೆಂದರೆ ಚುಕ್ಕೆಗಳ ಎಲ್ಲೆಯೂ ರೋಗದ ಎಲ್ಲೆಯೂ ಒಂದೇ ಆಗಿರುವುದಿಲ್ಲ. ಮಂದಜಾತಿಯ ಕೋಶಗಳು ನಾಳದಲ್ಲಿ ಜರಡಿಯಂತೆ ಸಣ್ಣ ಸಣ್ಣ ತೂತುಗಳನ್ನು ಬಿಟ್ಟು ಬೆಳೆಯುವುವು. ಅವು ಒಸರಿದ ದ್ರವವು ಕೆಲವು ತೂತುಗಳಲ್ಲಿ ಗಟ್ಟಿಯಾಗಿ ಸುಣ್ಣಗಟ್ಟುವುದು, ಮಿಕ್ಕವುಗಳಲ್ಲಿ ಹಾಗಾಗದು. ಆದುದರಿಂದ ಚಿತ್ರದಲ್ಲಿ ಹಿಟ್ಟು ಚೆಲ್ಲಿದಂತೆ ಒಂದೆಡೆ ಕಂಡ ರೋಗವು ಸುಣ್ಣಗಟ್ಟದ ನಾಳಗಳಲ್ಲಿ ಅದರಾಚೆಗೂ ಹಬ್ಬಿರಬಹುದು. ನೆದರ್ಲೆಂಡ್ಸಿನ ರೋಗಶಾಸ್ತ್ರಜ್ಞ ಹಾಲೆಂಡರೂ ಅವರ ಜೊತೆಗಾರರೂ 1990ರಲ್ಲಿ ಇಡಿಯ ಸ್ತನಗಳನ್ನು ಹೋಳುಹೋಳಾಗಿ ಪರೀಕ್ಷಿಸಿ, ಚಿತ್ರವು ರೋಗದ ವಿಸ್ತಾರವನ್ನು ಕಡಮೆಮಾಡಿ ತೋರಿಸುವುದು ಮಂದಜಾತಿಯಲ್ಲಿಯೇ ಹೆಚ್ಚೆಂದು ಕಂಡರು. ಚುಕ್ಕೆಗಳನ್ನೇ ಗಡಿಯೆಂದು ನಂಬಿ ಕತ್ತರಿಸಿದರೆ ರೋಗದ ಶೇಷವು ಉಳಿಯುವುದು. ಅಂಜಿ ಅತಿಯಾಗಿ ಕತ್ತರಿಸಿದರೆ ಅಂಗವೇ ಹೋಗುವುದು.

ನೈಯಾಯಿಕರು ಹೇತುವಿನ ದೋಷಗಳನ್ನು ಎಣಿಸುವಂತೆ ಇಲ್ಲಿಯೂ ಎಣಿಸಬಹುದು. ಮಂಜನ್ನು ಹೊಗೆಯೆಂದು ಭ್ರಮಿಸುವುದುಂಟು: ವಯಸ್ಸಾದ ನಿರಪಾಯದ ಗಂಟುಗಳಲ್ಲಿ ಜೋಳದ ಅರಳಿನಂಥ ದಪ್ಪ ಸುಣ್ಣವೂ, ರಕ್ತನಾಳಗಳ ಗೋಡೆಯಲ್ಲಿ ಜೋಡಿಗೆರೆಯಂಥ ಸುಣ್ಣವೂ ಕಾಣುವುವು. ಹೊಗೆಯಿಲ್ಲದ ಬೆಂಕಿಯೂ ಉಂಟು. ತರ್ಕದ ಕಾದ ಕಬ್ಬಿಣದ ಗುಂಡು ಇಲ್ಲಿ ಹಾಲಿನ ಗೊಂಚಲಿನ ಜಾತಿಯ ವಿಕಾರವಾಗಿದೆ. ಅದರ ಪೊರೆಯೊಳಗಿನ ರೂಪವನ್ನು ಫುಟ್ ಮತ್ತು ಸ್ಟೂವರ್ಟ್ ಎಂಬವರು 1941ರಲ್ಲಿ ವರ್ಣಿಸಿದರು. ಅದು ಸಾಮಾನ್ಯವಾಗಿ ಚಿತ್ರದಲ್ಲಿ ಗುರುತನ್ನು ಬಿಡದೆ, ಬೇರಾವುದಕ್ಕೋ ತೆಗೆದ ತುಣುಕಿನಲ್ಲಿ ಅಕಸ್ಮಾತ್ತಾಗಿ ಸಿಕ್ಕುವುದು. ಪೊರೆ ದಾಟಿದ ಮೇಲೆಯೂ ಈ ಜಾತಿಯ ಕೋಶಗಳು, ಪರಸ್ಪರ ಅಂಟಿಸುವ ಪ್ರೋಟೀನು ಇಲ್ಲದುದರಿಂದ, ಒಂದರ ಹಿಂದೆ ಒಂದಾಗಿ ನುಸುಳಿಕೊಂಡು ಹೋಗುವುವು. ಗಡ್ಡೆಯ ನೆರಳು ಬಹುಕಾಲ ಮೂಡದೆ ಇರಬಹುದು. ನಾಳಜಾತಿಯ ಕೋಶಗಳು ಹೊರಬಂದಾಗಲೋ ಸುತ್ತಣ ನಾರು ಬಲಿತು ಎಳೆಗಟ್ಟುವುದುಂಟು; ನಕ್ಷತ್ರದಂತೆ ಕಿರಣಗಳನ್ನು ಚಾಚಿದ ನೆರಳಿಗೆ ಅದೇ ಕಾರಣ.

ಆದುದರಿಂದಲೇ ಸೂಜಿಯಿಂದ ತುಣುಕುಗಳನ್ನು ತೆಗೆದೊಡನೆ ಆ ತುಣುಕುಗಳಿಗೂ ಕ್ಷ-ಕಿರಣಚಿತ್ರ ತೆಗೆದು, ಶಂಕಿತವಾದ ಚುಕ್ಕೆಗಳು ಅವುಗಳಲ್ಲಿ ಬಂದಿವೆಯೇ ಎಂದು ನೋಡುವರು. ತರುವಾಯ ಮೇಣದಲ್ಲಿ ಹುದುಗಿಸಿ ತೆಳ್ಳಗೆ ಕೊಯ್ದ ಪದರದಲ್ಲಿ ಸುಣ್ಣ ಕಾಣದಿದ್ದರೆ, ರೋಗಶಾಸ್ತ್ರಜ್ಞರು ‘ರೋಗವಿಲ್ಲ’ವೆಂದು ಬರೆದು ಮುಗಿಸುವಂತಿಲ್ಲ. ಕಣವು ಕತ್ತಿಗೆ ಸಿಡಿದು ಬಿದ್ದಿರಬಹುದು. ಮೇಣದ ಗಟ್ಟಿಯ ಆಳದಲ್ಲಿ ಉಳಿದಿರಬಹುದು. ಅಥವಾ ಅದು ಕ್ಯಾಲ್ಸಿಯಂ ಆಕ್ಸಲೇಟ್ ಆಗಿದ್ದು, ಧ್ರುವೀಕೃತ ಬೆಳಕಿನಲ್ಲಿ ಮಾತ್ರ ಮಿನುಗುವಂಥದಾಗಿರಬಹುದು. ಈ ಕಡೆಯದು ಸಾಮಾನ್ಯವಾಗಿ ನಿರಪಾಯದ ವಿಕಾರಗಳಲ್ಲಿ ಇರತಕ್ಕದ್ದು. ಆಗ ಗಟ್ಟಿಗೇ ಕ್ಷ-ಕಿರಣಚಿತ್ರ ತೆಗೆದು ಇನ್ನೂ ಆಳಕ್ಕೆ ಕೊಯ್ಯುವರು. ಅದರಲ್ಲಿಯೂ ಚಿತ್ರದ ಶಂಕೆಗೆ ಸಮಾಧಾನ ದೊರೆಯದಿದ್ದರೆ, ಸೂಜಿಯು ಗುರಿ ತಪ್ಪಿತೆಂದು ಬಗೆದು ರೋಗಿಯಿಂದ ಮತ್ತೆ ತುಣುಕನ್ನು ತೆಗೆಯುವರು.