ಟ್ಯಾಂಕ್ ಹೋಯಿತು, ಮಣ್ಣು ಉಳಿಯಿತು

ನಮ್ಮ ಬಡಾವಣೆಯ ತಿರುವಿನಲ್ಲಿ ಮೂರು ದಶಕಗಳಿಂದ ಇದ್ದ ಪೆಟ್ರೋಲ್ ಬಂಕ್ ಕೆಲವು ವರ್ಷಗಳ ಹಿಂದೆ ಮುಚ್ಚಿತು. ಒಂದು ಬೆಳಿಗ್ಗೆ ವಾಯುವಿಹಾರ ಮುಗಿಸಿ ಬರುವಾಗ ಕ್ರೇನ್‌ ಒಂದು ನೆಲದೊಳಗಿನಿಂದ ತುಕ್ಕು ಹಿಡಿದ ಟ್ಯಾಂಕನ್ನು ಮೇಲೆತ್ತುತ್ತಿತ್ತು. ಗುಂಡಿಯ ತಳದ ಕೆಂಪು ಮಣ್ಣು ಒಂದೆಡೆ ಕಪ್ಪಾಗಿತ್ತು. ಪೆಟ್ರೋಲಿನ ವಾಸನೆ ರಸ್ತೆಯವರೆಗೂ ಹರಡಿತ್ತು. ಈ ಮಣ್ಣನ್ನು ಏನು ಮಾಡುತ್ತೀರಿ ಎಂದು ಮೇಸ್ತ್ರಿಯನ್ನು ಕೇಳಿದೆ. ‘ಏನ್ ಮಾಡೋದು ಸಾರ್, ಮಣ್ಣು ತಾನೆ, ಮುಚ್ಚಿಬಿಡ್ತೀವಿ’ ಎಂದ. ವಾರದೊಳಗೆ ಗುಂಡಿ ಮುಚ್ಚಿತು. ಈಗ ಅಲ್ಲಿ ನಾಲ್ಕಂತಸ್ತಿನ ವಸತಿ ಸಮುಚ್ಚಯವಿದೆ. ಅದರ ಅಂಗಳದಲ್ಲಿ ಕೊಳವೆಬಾವಿಯೂ ಇದೆ.

ಮೇಸ್ತ್ರಿಯನ್ನು ದೂರಿ ಫಲವಿಲ್ಲ. ಪ್ರಶ್ನೆ ಕೇಳಿದ ನಾನೂ ಅಲ್ಲಿಗೇ ಸುಮ್ಮನಾದೆ.

ಉಕ್ಕಿನ ಹಳೆಯ ಟ್ಯಾಂಕು ತೇವದ ಮಣ್ಣಿನಲ್ಲಿ ತುಕ್ಕು ಹಿಡಿಯುತ್ತದೆ. ಕೊಳವೆಗಳ ಜೋಡಣೆ ಸಡಿಲಗೊಳ್ಳುತ್ತದೆ. ಹನಿಹನಿಯಾಗಿ ಸೋರಿದ ಪೆಟ್ರೋಲ್ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತ ಕೆಳಗಿಳಿದು, ನೀರಿಗಿಂತ ಹಗುರವಾದ್ದರಿಂದ ಅಂತರ್ಜಲದ ಮೇಲೆ ತೇಲುತ್ತದೆ. ಅದರಲ್ಲಿರುವ ಬೆಂಜೀನ್ ನೀರಿನಲ್ಲಿ ಕರಗುತ್ತದೆ. ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲ ಈ ರಾಸಾಯನಿಕ ಒಂದು ಲೀಟರ್ ಕುಡಿಯುವ ನೀರಿನಲ್ಲಿ 10 ಮೈಕ್ರೊಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ನಮ್ಮ ಪೆಟ್ರೋಲಿನಲ್ಲಿ ಶೇ 1ರವರೆಗೆ ಬೆಂಜೀನ್ ಇರಲು ಅವಕಾಶವಿದೆ. ಲೆಕ್ಕ ಹಾಕಿದರೆ, ಒಂದೇ ಲೀಟರ್ ಪೆಟ್ರೋಲಿನಲ್ಲಿರುವ ಬೆಂಜೀನ್ ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಆ ಮಿತಿಗೆ ಮುಟ್ಟಿಸಲು ಸಾಕು. ಬೆಂಗಳೂರಿನ ಕೊಳವೆಬಾವಿಗಳ ನೀರು ಇರುವುದು ಗಟ್ಟಿ ಬಂಡೆಯ ಬಿರುಕುಗಳಲ್ಲಿ. ಬಿರುಕು ಸಾಗಿದತ್ತ ಮಾಲಿನ್ಯವೂ ಸಾಗಬಲ್ಲದು.

ಇದು ಬರಿಯ ಊಹೆಯಲ್ಲ. ಅಮೆರಿಕದ ಸಾಂಟಾ ಮೋನಿಕಾ ನಗರ 1996ರಲ್ಲಿ ತನ್ನ ಕುಡಿಯುವ ನೀರಿನ ಬಾವಿಗಳನ್ನು ಮುಚ್ಚಬೇಕಾಯಿತು. ಪೆಟ್ರೋಲಿಗೆ ಬೆರೆಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕ ನೆಲದಡಿಯ ಸೋರಿಕೆಯಿಂದ ಬಾವಿಗಳನ್ನು ಸೇರಿತ್ತು. ನಗರ ತನ್ನ ನೀರಿನ ಸುಮಾರು ಅರ್ಧದಷ್ಟನ್ನು ಕಳೆದುಕೊಂಡಿತು. ಶುದ್ಧೀಕರಣ ಘಟಕ ಕಟ್ಟಿ ಮುಖ್ಯ ಬಾವಿಗಳನ್ನು ಮತ್ತೆ ಬಳಕೆಗೆ ತರಲು ಹದಿನಾಲ್ಕು ವರ್ಷ ಹಿಡಿಯಿತು. ಅಮೆರಿಕ 1984ರಲ್ಲೇ ಭೂಗತ ಟ್ಯಾಂಕುಗಳಿಗಾಗಿ ಕಾನೂನು ರೂಪಿಸಿತು. ಶುಚಿಕಾರ್ಯಕ್ಕೆಂದು ಗ್ಯಾಲನ್ ಇಂಧನಕ್ಕೆ ಸೆಂಟಿನ ಹತ್ತನೇ ಒಂದು ಭಾಗದ ತೆರಿಗೆ ವಿಧಿಸಿ ನಿಧಿ ಕಟ್ಟಿತು. ಅಲ್ಲಿ ಇದುವರೆಗೆ ಐದು ಲಕ್ಷಕ್ಕೂ ಹೆಚ್ಚು ಸೋರಿಕೆಗಳು ದೃಢಪಟ್ಟಿವೆ. ಬಹುಪಾಲು ತಾಣಗಳು ಶುಚಿಗೊಂಡಿವೆ.

ಶುಚಿಗೊಳಿಸುವ ವಿಧಾನಗಳು ನಿಗೂಢವಲ್ಲ. ಕೆಟ್ಟ ಮಣ್ಣನ್ನು ಅಗೆದು ಸಾಗಿಸಿ ಸಂಸ್ಕರಿಸಬಹುದು. ನೆಲಕ್ಕೆ ಕೊಳವೆ ಇಳಿಸಿ ಇಂಧನದ ಆವಿಯನ್ನು ಹೀರಿ ತೆಗೆಯಬಹುದು. ಮಣ್ಣಿಗೆ ಗಾಳಿಯೂಡಿದರೆ ಅಲ್ಲಿನ ಬ್ಯಾಕ್ಟೀರಿಯಾಗಳೇ ಇಂಧನವನ್ನು ಅರಗಿಸಿಕೊಳ್ಳುತ್ತವೆ. ಟೆರಿ ಸಂಸ್ಥೆ ರೂಪಿಸಿದ ‘ಆಯಿಲ್‌ಜಾಪರ್’ ಎಂಬ ಬ್ಯಾಕ್ಟೀರಿಯಾ ಮಿಶ್ರಣವನ್ನು ನಮ್ಮ ದೇಶದ ತೈಲ ಘಟಕಗಳಲ್ಲೇ ಬಳಸಲಾಗಿದೆ. ಇವೆಲ್ಲಕ್ಕೂ ಅತಿ ಅಗ್ಗದ ಗಳಿಗೆಯೆಂದರೆ ಟ್ಯಾಂಕ್ ಎತ್ತಿದ ಗುಂಡಿ ತೆರೆದಿರುವ ಆ ಕೆಲವು ದಿನಗಳು. ಮೇಲೆ ಕಟ್ಟಡ ಎದ್ದ ನಂತರ ಅದೇ ಕೆಲಸಕ್ಕೆ ಹಲವು ಪಟ್ಟು ಹಣ ಬೇಕು.

ನಿಯಮಗಳು ಇಲ್ಲವೆಂದಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ, ಸೋರಿಕೆಯಿಂದ ಕೆಟ್ಟ ಮಣ್ಣು, ಅಂತರ್ಜಲಗಳನ್ನು ಶುಚಿಗೊಳಿಸುವ ಹೊಣೆಯನ್ನು ತೈಲ ಕಂಪೆನಿಗಳ ಮೇಲೆ ಹೊರಿಸಿದೆ. 2025ರ ಜುಲೈನಲ್ಲಿ ಕಲುಷಿತ ತಾಣಗಳ ನಿರ್ವಹಣೆಗೆ ಪ್ರತ್ಯೇಕ ನಿಯಮಗಳು ಬಂದಿವೆ. ಶಂಕಿತ ತಾಣಗಳನ್ನು ಗುರುತಿಸಿ ಪಟ್ಟಿ ಮಾಡುವುದು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತದ ಕೆಲಸ. ಆದರೆ ಯಾರೂ ಮೂಸಿ ನೋಡದ ಗುಂಡಿ ಯಾವ ಪಟ್ಟಿಗೆ ಸೇರೀತು?

ಬೇಕಿರುವುದು ಒಂದು ಸರಳ ಷರತ್ತು. ಬಂಕ್ ಇದ್ದ ನಿವೇಶನದಲ್ಲಿ ಕಟ್ಟಡ ನಕ್ಷೆಗೆ ಮಂಜೂರಾತಿ ನೀಡುವ ಮುನ್ನ ಮಣ್ಣು ಮತ್ತು ಅಂತರ್ಜಲದ ಪರೀಕ್ಷಾ ವರದಿಯನ್ನು ಕಡ್ಡಾಯಗೊಳಿಸಬೇಕು. ಆ ವರದಿ ಆಸ್ತಿಯ ದಾಖಲೆಗಳ ಜೊತೆ ಕೊಳ್ಳುವವರ ಕೈಸೇರಬೇಕು. ಮನೆ ಕೊಳ್ಳುವಾಗ ನಾವು ಹಕ್ಕುಪತ್ರ, ಖಾತಾ, ಋಣಭಾರ ಪ್ರಮಾಣಪತ್ರಗಳನ್ನು ವಕೀಲರಿಗೆ ತೋರಿಸಿ ನಿಶ್ಚಿಂತರಾಗುತ್ತೇವೆ. ಆ ನೆಲದ ಮೇಲಿರುವ ಇನ್ನೊಂದು ಋಣ ಯಾವ ಪತ್ರದಲ್ಲಿಯೂ ಕಾಣಿಸುವುದಿಲ್ಲ.

ಆ ಸಮುಚ್ಚಯದ ಮುಂದೆ ಹಾದುಹೋಗುವಾಗ ಅಂಗಳದಲ್ಲಿ ಮಕ್ಕಳು ನಲ್ಲಿಗೆ ಬೊಗಸೆಯೊಡ್ಡುವುದನ್ನು ಕಾಣುತ್ತೇನೆ. ಆ ನೀರು ಶುದ್ಧವಾಗಿಯೇ ಇರಬಹುದು. ಇದೆಯೆಂದು ಹೇಳುವ ಒಂದು ಕಾಗದವನ್ನಾದರೂ ಅವರ ಹೆತ್ತವರಿಗೆ ಕೊಡುವುದು ನಮ್ಮ ಕರ್ತವ್ಯವಲ್ಲವೇ?